ಒಂದು ಕೋಲಿನ ನೆರಳಿನಲ್ಲಿ ಋತು, ಗಡಿಯಾರ, ನಕ್ಷೆ

ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ಮಧ್ಯಾಹ್ನ 12 ಗಂಟೆ 18 ನಿಮಿಷದ ಹೊತ್ತಿಗೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದಿರುತ್ತಾನೆ. ಆಗಸ್ಟ್ 18ರ ಸುಮಾರಿಗೆ ಇದು ಮತ್ತೊಮ್ಮೆ ಆಗುತ್ತದೆ. ಇದಕ್ಕೆ ಶೂನ್ಯ ನೆರಳಿನ ದಿನ ಅಂತ ಹೆಸರು.

ದಿನಾ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆಯೇ ಇರ್ತಾನಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಇರುವುದಿಲ್ಲ. ಕರ್ನಾಟಕದ ಯಾವುದೇ ಊರಿಗೆ ಇಂಥ ದಿನ ವರ್ಷಕ್ಕೆ ಎರಡೇ. ದೆಹಲಿಗೆ ಒಂದೂ ಇಲ್ಲ.

ಶಾಲೆಯಲ್ಲಿ ನಾವು ಅಕ್ಷಾಂಶವನ್ನು ಒಂದು ಪಾಠದಲ್ಲಿ ಓದುತ್ತೇವೆ, ಋತುಗಳನ್ನು ಇನ್ನೊಂದರಲ್ಲಿ, ನಕ್ಷೆಯನ್ನು ಮತ್ತೊಂದರಲ್ಲಿ. ಇಪ್ಪತ್ಮೂರೂವರೆ ಡಿಗ್ರಿ, ಎಂಬತ್ತೆರಡೂವರೆ ಡಿಗ್ರಿ ಅಂತ ಬಾಯಿಪಾಠ ಮಾಡುತ್ತೇವೆ. ಆ ಎಲ್ಲ ಅಂಕಿಗಳೂ ಅಂಗಳದಲ್ಲಿ ಬೀಳುವ ನೆರಳಿನಲ್ಲೇ ಸಿಗುತ್ತವೆ. ಮಕ್ಕಳನ್ನು ಹತ್ತು ನಿಮಿಷ ಬಿಸಿಲಿಗೆ ಕರೆದುಕೊಂಡು ಹೋದರೆ ಅರ್ಧ ಭೂಗೋಳ ಅಲ್ಲೇ ಮುಗಿಯುತ್ತದೆ ಅನ್ನೋದು ನನ್ನ ಗಟ್ಟಿ ನಂಬಿಕೆ.

ನೆರಳು ಉತ್ತರಕ್ಕೂ ಬೀಳುತ್ತದೆ, ದಕ್ಷಿಣಕ್ಕೂ ಬೀಳುತ್ತದೆ

ಒಂದು ಮೀಟರ್ ಉದ್ದದ ಕೋಲನ್ನು ಬೆಂಗಳೂರಿನ ಒಂದು ತಾರಸಿಯ ಮೇಲೆ ನೆಟ್ಟಗೆ ನಿಲ್ಲಿಸಿ. ಡಿಸೆಂಬರ್ 21ರ ಮಧ್ಯಾಹ್ನ ಅದರ ನೆರಳು ಸುಮಾರು 74 ಸೆಂಟಿಮೀಟರ್ ಉದ್ದ ಇರುತ್ತದೆ, ಉತ್ತರ ದಿಕ್ಕಿಗೆ. ಮಾರ್ಚ್ 21ರ ಹೊತ್ತಿಗೆ ಅದು 23 ಸೆಂಟಿಮೀಟರಿಗೆ ಇಳಿಯುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಿ ಸೊನ್ನೆ. ಆಮೇಲೆ ನೆರಳು ಮತ್ತೆ ಹುಟ್ಟುತ್ತದೆ, ಆದರೆ ಈ ಸಲ ದಕ್ಷಿಣಕ್ಕೆ! ಜೂನ್ 21ರಂದು ಅದು ದಕ್ಷಿಣಕ್ಕೆ ಸುಮಾರು 18 ಸೆಂಟಿಮೀಟರ್ ಚಾಚಿರುತ್ತದೆ. ಅಂದರೆ ಆ ದಿನಗಳಲ್ಲಿ ಬೆಂಗಳೂರಿನವರಿಗೆ ಮಧ್ಯಾಹ್ನದ ಸೂರ್ಯ ಉತ್ತರದಲ್ಲಿರುತ್ತಾನೆ. ದಕ್ಷಿಣದ ಕಿಟಕಿಯಿಂದ ಡಿಸೆಂಬರಿನಲ್ಲಿ ಒಳಗೆ ಬರುತ್ತಿದ್ದ ಬಿಸಿಲು ಮೇ, ಜೂನ್‌ನಲ್ಲಿ ಯಾಕೆ ಬರುವುದಿಲ್ಲ ಅನ್ನೋದಕ್ಕೆ ಇದೇ ಕಾರಣ.

ಸೂರ್ಯ ಹೀಗೆ ಉತ್ತರಕ್ಕೂ ದಕ್ಷಿಣಕ್ಕೂ ಓಡಾಡುವಂತೆ ಕಾಣುವುದು ಭೂಮಿ ವಾಲಿಕೊಂಡಿರುವುದರಿಂದ. ಭೂಮಿ ತನ್ನ ಅಕ್ಷದ ಸುತ್ತ ತಿರುಗುತ್ತದೆ, ಅದರಿಂದ ಹಗಲು ರಾತ್ರಿ. ಸೂರ್ಯನ ಸುತ್ತಲೂ ಸುತ್ತುತ್ತದೆ, ಅದಕ್ಕೆ ಒಂದು ವರ್ಷ ಬೇಕು. ಭೂಮಿಯ ಅಕ್ಷವು ಈ ಸುತ್ತುವ ದಾರಿಗೆ ನೆಟ್ಟಗೆ ನಿಂತಿಲ್ಲ, ಸುಮಾರು 23.4 ಡಿಗ್ರಿ ವಾಲಿದೆ. ವರ್ಷವಿಡೀ ಅದು ಹೆಚ್ಚುಕಮ್ಮಿ ಒಂದೇ ಕಡೆಗೆ, ಧ್ರುವ ನಕ್ಷತ್ರದ ಕಡೆಗೆ ಮುಖ ಮಾಡಿರುತ್ತದೆ. ಹಾಗಾಗಿ ಜೂನ್‌ನಲ್ಲಿ ಉತ್ತರ ಧ್ರುವ ಸೂರ್ಯನ ಕಡೆಗೆ ವಾಲಿರುತ್ತದೆ. ಆರು ತಿಂಗಳ ನಂತರ ಭೂಮಿ ಸೂರ್ಯನ ಆಚೆ ಬದಿಗೆ ಹೋಗಿರುತ್ತದೆ, ಆಗ ಅದೇ ಧ್ರುವ ಸೂರ್ಯನಿಂದ ಆಚೆಗೆ ವಾಲಿರುತ್ತದೆ. ವಾಲಿಕೆ ಬದಲಾಗಲಿಲ್ಲ, ಸೂರ್ಯ ಇರುವ ಬದಿ ಬದಲಾಯಿತು.

ಸೂರ್ಯ ನೆತ್ತಿಯ ಮೇಲೆ ಬರಬಹುದಾದ ಉತ್ತರದ ತುದಿಯೇ ಕರ್ಕಾಟಕ ಸಂಕ್ರಾಂತಿ ವೃತ್ತ. ದಕ್ಷಿಣದ ತುದಿ ಮಕರ ಸಂಕ್ರಾಂತಿ ವೃತ್ತ. ಎರಡೂ 23.4 ಡಿಗ್ರಿಯಲ್ಲಿ ಇರುವುದು ಭೂಮಿ ಅಷ್ಟೇ ವಾಲಿರುವುದರಿಂದ. ನಕ್ಷೆಯಲ್ಲಿ ಗುಜರಾತಿನಿಂದ ಮಿಜೋರಾಂವರೆಗೆ ಎಂಟು ರಾಜ್ಯಗಳನ್ನು ದಾಟಿ ಹೋಗುವ ಆ ಗೆರೆಯನ್ನು ಯಾರೋ ಸುಮ್ನೆ ಎಳೆದದ್ದಲ್ಲ. ದೆಹಲಿ 28.6 ಡಿಗ್ರಿಯಲ್ಲಿದೆ, ಗೆರೆಯ ಆಚೆ. ಅದಕ್ಕೇ ಅಲ್ಲಿ ಸೂರ್ಯ ಎಂದೂ ನೆತ್ತಿಯ ಮೇಲೆ ಬರುವುದಿಲ್ಲ.

ನಿಮ್ಮ ಊರಿನ ಶೂನ್ಯ ನೆರಳಿನ ದಿನವನ್ನು ಅಕ್ಷಾಂಶ ನಿರ್ಧರಿಸುತ್ತದೆ. ಮೈಸೂರು ಬೆಂಗಳೂರಿಗಿಂತ ಸ್ವಲ್ಪ ದಕ್ಷಿಣಕ್ಕಿದೆ, ಅಲ್ಲಿ ಏಪ್ರಿಲ್ 22ರ ಸುಮಾರಿಗೆ. ಮಂಗಳೂರು ಹೆಚ್ಚುಕಮ್ಮಿ ಬೆಂಗಳೂರಿನ ಅಕ್ಷಾಂಶದಲ್ಲೇ ಇರುವುದರಿಂದ ದಿನವೂ ಅದೇ. ಹುಬ್ಬಳ್ಳಿಗೆ ಮೇ ಮೊದಲ ವಾರ. ಬೀದರಿಗೆ ಮೇ ಎರಡನೇ ವಾರ. ಅಲ್ಲಿಂದ ಇನ್ನೂ ಉತ್ತರಕ್ಕೆ ಹೋಗಿ ತಿರುಗಿ ಬರುವ ಸೂರ್ಯ ಆಗಸ್ಟ್ ಆರಂಭದಲ್ಲಿ ಬೀದರನ್ನು ದಾಟಿ, 18ರ ಹೊತ್ತಿಗೆ ಬೆಂಗಳೂರಿಗೆ ಬರುತ್ತಾನೆ.

ಬೇಸಿಗೆಗೆ ಸೂರ್ಯ ಹತ್ತಿರ ಬರುವುದು ಕಾರಣವಲ್ಲ

ಬೇಸಿಗೆಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರ ಹೋಗುತ್ತದೆ ಅನ್ನುವ ನಂಬಿಕೆ ಓದಿದವರಲ್ಲೂ ಇದೆ. ವಾಸ್ತವ ಉಲ್ಟಾ ಇದೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ. ಆಗ ದೂರ ಸುಮಾರು 14.71 ಕೋಟಿ ಕಿಲೋಮೀಟರ್. ಅತಿ ದೂರ ಇರುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.21 ಕೋಟಿ ಕಿಲೋಮೀಟರ್. ವ್ಯತ್ಯಾಸ ನೂರಕ್ಕೆ ಮೂರರಷ್ಟು ಮಾತ್ರ. ನಾವು ಚಳಿಗೆ ಶಾಲು ಹೊದೆಯುವಾಗಲೇ ಸೂರ್ಯ ನಮಗೆ ಹತ್ತಿರ ಇರುತ್ತಾನೆ.

ಬಿಸಿಲು ಯಾವ ಕೋನದಲ್ಲಿ ಬೀಳುತ್ತದೆ ಅನ್ನೋದು ದೂರಕ್ಕಿಂತ ಮುಖ್ಯ. ಒಂದು ಚದರ ಮೀಟರ್ ಅಗಲದ ಬಿಸಿಲಿನ ಕಿರಣಗಳನ್ನು ಊಹಿಸಿಕೊಳ್ಳಿ. ಸೂರ್ಯ ನೆತ್ತಿಯ ಮೇಲಿದ್ದರೆ ಅಷ್ಟೂ ಬಿಸಿಲು ನೆಲದ ಒಂದೇ ಚದರ ಮೀಟರಿಗೆ ಬೀಳುತ್ತದೆ. ಸೂರ್ಯ ಓರೆಯಾದಷ್ಟೂ ಅದೇ ಬಿಸಿಲು ಜಾಸ್ತಿ ನೆಲಕ್ಕೆ ಹಂಚಿಹೋಗುತ್ತದೆ. ಡಿಸೆಂಬರ್ 21ರ ಮಧ್ಯಾಹ್ನ ಬೆಂಗಳೂರಿನಲ್ಲಿ ಅದು ಸುಮಾರು 1.24 ಚದರ ಮೀಟರಿಗೆ ಹರಡುತ್ತದೆ. ದೆಹಲಿಯಲ್ಲಿ 1.6. ಲಂಡನ್ನಿನಲ್ಲಿ 3.8. ಅಲ್ಲಿ ಆ ದಿನ ಸೂರ್ಯ ಮಧ್ಯಾಹ್ನಕ್ಕೂ ದಿಗಂತದಿಂದ 15 ಡಿಗ್ರಿ ಮಾತ್ರ ಮೇಲೇರಿರುತ್ತಾನೆ.

ಇದರ ಜೊತೆಗೆ ಹಗಲಿನ ಉದ್ದ ಸೇರುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ, ಅತಿ ದೊಡ್ಡ ಹಗಲು ಸುಮಾರು 12 ಗಂಟೆ 50 ನಿಮಿಷ. ಒಂದೂವರೆ ಗಂಟೆಯಷ್ಟೇ ಏರುಪೇರು. ಲಂಡನ್ನಿನ ಹಗಲು ಡಿಸೆಂಬರಿನಲ್ಲಿ ಎಂಟು ಗಂಟೆಗೂ ಕಮ್ಮಿ, ಜೂನ್‌ನಲ್ಲಿ ಹದಿನಾರೂವರೆ ಗಂಟೆ. ಬಿಸಿಲಿನ ಕೋನ ಮತ್ತು ಬಿಸಿಲು ಸಿಗುವ ಸಮಯ, ಈ ಎರಡರ ಏರುಪೇರು ನಮ್ಮಲ್ಲಿ ಕಡಿಮೆ. ನಮ್ಮ ಚಳಿಗಾಲ ಅಷ್ಟು ಸೌಮ್ಯವಾಗಿರಲು ಅದೇ ಮುಖ್ಯ ಕಾರಣ.

ದೂರ ಮುಖ್ಯವಲ್ಲ ಅನ್ನೋದಕ್ಕೆ ಆಸ್ಟ್ರೇಲಿಯಾದ ಕನ್ನಡಿಗರೇ ಸಾಕ್ಷಿ. ಇಡೀ ಭೂಮಿಗೆ ಸೂರ್ಯ ಒಂದೇ ದೂರದಲ್ಲಿರುವಾಗ ಇಲ್ಲಿ ಮಾಗಿಯ ಚಳಿ, ಅಲ್ಲಿ ಸುಡುಬೇಸಿಗೆ. ಅವರು ಎಳ್ಳು ಬೆಲ್ಲ ಹಂಚುವುದು ಸೆಕೆಯಲ್ಲಿ. ನಮಗೆ ಯುಗಾದಿ ಮಾವು ಬೇವು ಚಿಗುರುವ ಕಾಲದ ಹಬ್ಬ. ಮೆಲ್ಬರ್ನಿನಲ್ಲಿ ಅದೇ ದಿನಗಳಲ್ಲಿ ಮರಗಳು ಎಲೆ ಉದುರಿಸಲು ಶುರುಮಾಡಿರುತ್ತವೆ.

ಇಲ್ಲೊಂದು ಪ್ರಶ್ನೆ ಏಳಬೇಕು. ಸೂರ್ಯ ಅತಿ ಉತ್ತರಕ್ಕೆ ಹೋಗುವುದು ಜೂನ್ 21ಕ್ಕೆ. ಕರ್ನಾಟಕದಲ್ಲಿ ಅತಿ ಹೆಚ್ಚು ಸೆಕೆ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ. ಯಾಕೆ? ಮೊದಲನೆಯದಾಗಿ, ನಮ್ಮ ನೆತ್ತಿಯ ಮೇಲೆ ಸೂರ್ಯ ಬರುವುದೇ ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ. ಆಮೇಲೆ ಜೂನ್ ಮೊದಲ ವಾರದಲ್ಲಿ ಮುಂಗಾರು ಕರಾವಳಿಗೆ ಬಂದು ಮೋಡ ಕವಿಯುತ್ತದೆ, ನೆಲ ಒದ್ದೆಯಾಗುತ್ತದೆ. ಆಗಸ್ಟಿನಲ್ಲಿ ಸೂರ್ಯ ಎರಡನೇ ಸಲ ನೆತ್ತಿಗೆ ಬಂದರೂ ಸೆಕೆಯಾಗದಿರುವುದು ಮಳೆಗಾಲದ ದಯೆ. ಆ ಶೂನ್ಯ ನೆರಳಿನ ದಿನವನ್ನು ನೋಡಬೇಕೆಂದು ಕಾದವರಿಗೆ ಬಹಳ ಸಲ ಬಿಸಿಲೇ ಸಿಗುವುದಿಲ್ಲ. ಆ ಮುಂಗಾರಿಗೂ ಮೂಲ ಇದೇ ವಾಲಿಕೆ. ಸೂರ್ಯ ಉತ್ತರಕ್ಕೆ ಬಂದಂತೆ ಭಾರತದ ನೆಲ ಸಮುದ್ರಕ್ಕಿಂತ ಬೇಗ ಕಾಯುತ್ತದೆ, ನೆಲದ ಮೇಲೆ ಒತ್ತಡ ಕಡಿಮೆಯಾಗುತ್ತದೆ, ಸಮುದ್ರದ ತೇವದ ಗಾಳಿ ಇತ್ತ ನುಗ್ಗುತ್ತದೆ.

ಮಳೆ ನಕ್ಷತ್ರ ಅಂದರೆ ಭೂಮಿ ಸುತ್ತುವ ಲೆಕ್ಕ

ಭೂಮಿಯ ವಾರ್ಷಿಕ ಚಲನೆಯನ್ನು ನಮ್ಮ ರೈತರು ಬೇರೆ ಹೆಸರಿನಲ್ಲಿ ಬಲ್ಲರು. ಭರಣಿ ಮಳೆ, ರೋಹಿಣಿ ಮಳೆ, ಮಿರಗದ ಮಳೆ, ಆರಿದ್ರಾ ಮಳೆ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅನ್ನುವ ಗಾದೆ ಯಾರಿಗೆ ಗೊತ್ತಿಲ್ಲ? ಈ ಹೆಸರುಗಳ ಹಿಂದೆ ಶುದ್ಧ ಖಗೋಳ ಇದೆ.

ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ನಾವು ಜಾಗ ಬದಲಿಸಿದಂತೆ ಸೂರ್ಯನ ಹಿಂದೆ ಕಾಣಬೇಕಾದ ನಕ್ಷತ್ರಗಳೂ ಬದಲಾಗುತ್ತವೆ. ದಿನಕ್ಕೆ ಹೆಚ್ಚುಕಮ್ಮಿ ಒಂದು ಡಿಗ್ರಿ. ಪೂರ್ತಿ ಸುತ್ತನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ ಸಿಗುತ್ತದೆ. ಸೂರ್ಯ ಮೃಗಶಿರದಲ್ಲಿ ಇರುವ ದಿನಗಳಲ್ಲಿ ಬಿದ್ದ ಮಳೆಯೇ ಮಿರಗದ ಮಳೆ. ಅದು ಜೂನ್ 8ರ ಸುಮಾರಿಗೆ ಹುಟ್ಟುತ್ತದೆ, ಮುಂಗಾರು ನಾಡಿನೊಳಗೆ ಬರುವ ಹೊತ್ತಿಗೆ ಸರಿಯಾಗಿ. ಆರಿದ್ರಾ ಹುಟ್ಟುವುದು ಜೂನ್ 22ರ ಸುಮಾರಿಗೆ, ಸೂರ್ಯ ದಕ್ಷಿಣಕ್ಕೆ ತಿರುಗುವ ಹೊತ್ತಿನಲ್ಲಿ. ಕ್ಯಾಲೆಂಡರ್ ಮನೆಮನೆಗೆ ಬರುವ ಮೊದಲು ಬಿತ್ತನೆಯ ದಿನ ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ.

ಈ ಲೆಕ್ಕದಲ್ಲಿ ನಿಧಾನವಾಗಿ ಸೇರಿಕೊಂಡ ಒಂದು ವ್ಯತ್ಯಾಸವೂ ಇದೆ. ಮಕರ ಸಂಕ್ರಾಂತಿಯಿಂದ ಉತ್ತರಾಯಣ ಶುರು ಅಂತ ಹೇಳುತ್ತೇವೆ. ಆದರೆ ಕೋಲಿನ ನೆರಳು ಕೇಳಿ ನೋಡಿ. ಡಿಸೆಂಬರ್ 21ರ ನಂತರವೇ ಅದು ಗಿಡ್ಡವಾಗಲು ಶುರುವಾಗಿರುತ್ತದೆ. ಸಂಕ್ರಾಂತಿ ಬರುವುದು ಜನವರಿ 14 ಅಥವಾ 15ಕ್ಕೆ. ಮಧ್ಯೆ 24 ದಿನ ಎಲ್ಲಿ ಹೋದವು?

ತಿರುಗುವ ಬುಗುರಿಯ ತಲೆ ನಿಧಾನವಾಗಿ ಸುತ್ತು ಹಾಕುತ್ತದಲ್ಲ, ಭೂಮಿಯ ಅಕ್ಷವೂ ಹಾಗೇ ತೂಗುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಎಷ್ಟು ನಿಧಾನ ಅಂದರೆ 72 ವರ್ಷಕ್ಕೆ ಒಂದು ಡಿಗ್ರಿ. ಋತುಗಳು ಅಕ್ಷದ ವಾಲಿಕೆಯನ್ನು ಅನುಸರಿಸುತ್ತವೆ, ಸಂಕ್ರಾಂತಿಯ ಲೆಕ್ಕ ನಕ್ಷತ್ರಗಳನ್ನು ಅನುಸರಿಸುತ್ತದೆ. ಹಾಗಾಗಿ ಎರಡೂ ಮೆಲ್ಲಗೆ ದೂರವಾಗುತ್ತಿವೆ. ಸುಮಾರು 1,700 ವರ್ಷಗಳ ಹಿಂದೆ ಸಂಕ್ರಾಂತಿ ಮತ್ತು ನಿಜವಾದ ಉತ್ತರಾಯಣ ಒಂದೇ ಹೊತ್ತಿಗೆ ಬರುತ್ತಿದ್ದವು. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ. ಅಂದು ತಾರೀಕು 1863ರ ಜನವರಿ 12. ಅಲ್ಲಿಂದ ಇಲ್ಲಿಗೇ ಹಬ್ಬ ಎರಡು ದಿನ ಮುಂದೆ ಬಂದಿದೆ.

ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಾಲಯದಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಸಾವಿರಾರು ಜನ ನೋಡಲು ಸೇರುತ್ತಾರೆ. ಇದೇ ಜೋಡಣೆ ನವೆಂಬರ್ ಕೊನೆಯಲ್ಲೂ ಒಮ್ಮೆ ನಡೆಯುತ್ತದೆ ಅನ್ನೋದು ಅಷ್ಟು ಪ್ರಸಿದ್ಧವಲ್ಲ. ಡಿಸೆಂಬರ್ 21ರಿಂದ 24 ದಿನ ಮುಂದೆ ಎಣಿಸಿದರೆ ಜನವರಿ 14. ಅಷ್ಟೇ ದಿನ ಹಿಂದಕ್ಕೆ ಎಣಿಸಿದರೆ ನವೆಂಬರ್ 27. ದಕ್ಷಿಣಕ್ಕೆ ಹೋಗುವಾಗ ಸೂರ್ಯ ಇದ್ದ ಜಾಗಕ್ಕೇ ವಾಪಸು ಬರುವಾಗಲೂ ಬರುತ್ತಾನೆ. ಆ ದಿನಗಳಲ್ಲಿ ಹೋದರೆ ಜನಜಂಗುಳಿ ಇಲ್ಲದೆ ಆ ಬೆಳಕನ್ನು ನೋಡಬಹುದು.

ಮಧ್ಯಾಹ್ನ 12 ಗಂಟೆ 18 ನಿಮಿಷ ಯಾಕೆ?

ಸೂರ್ಯ ಅತಿ ಎತ್ತರಕ್ಕೆ ಬಂದಾಗ ಹನ್ನೆರಡು ಗಂಟೆ ಆಗಬೇಕಲ್ವಾ? ಹಿಂದೆ ಹಾಗೇ ಇತ್ತು, ಊರಿಗೊಂದು ಹನ್ನೆರಡು ಗಂಟೆ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಪೂರ್ವದ ಊರಿಗೆ ಮೊದಲು ಮಧ್ಯಾಹ್ನ, ಪಶ್ಚಿಮದ ಊರಿಗೆ ಆಮೇಲೆ. ರೈಲು ಮತ್ತು ತಂತಿ ಬಂದ ಮೇಲೆ ಊರಿಗೊಂದು ಸಮಯ ಇಟ್ಟುಕೊಂಡರೆ ಕೆಲಸ ನಡೆಯುವುದಿಲ್ಲ ಅಂತಾಯಿತು. 1906ರಲ್ಲಿ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ಭಾರತದ ಸಮಯವಾಗಿ ಗೊತ್ತುಮಾಡಿದರು. ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ.

ಬೆಂಗಳೂರು ಇರುವುದು 77.6 ಡಿಗ್ರಿಯಲ್ಲಿ. ಐದು ಡಿಗ್ರಿಗೆ ಸ್ವಲ್ಪ ಕಮ್ಮಿ ಪಶ್ಚಿಮಕ್ಕೆ. ನಾಲ್ಕರಿಂದ ಗುಣಿಸಿದರೆ ಸುಮಾರು 20 ನಿಮಿಷ. ಮಂಗಳೂರು ಇನ್ನೂ ಪಶ್ಚಿಮಕ್ಕಿರುವುದರಿಂದ ಅಲ್ಲಿ ಇನ್ನೂ 11 ನಿಮಿಷ ತಡ. ದೇಶದ ಪೂರ್ವ ತುದಿಗೂ ಪಶ್ಚಿಮ ತುದಿಗೂ 29 ಡಿಗ್ರಿ ಅಂತರ ಇದೆ, ಅಂದರೆ ಸೂರ್ಯನ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು ಗಂಟೆ. ಅರುಣಾಚಲದವರು ತಮಗೆ ಬೇರೆ ಸಮಯ ಬೇಕು ಅಂತ ಕೇಳುವುದರಲ್ಲಿ ನ್ಯಾಯ ಇದೆ.

ಇನ್ನೂ ಒಂದು ಸೂಕ್ಷ್ಮ. ಬೆಂಗಳೂರಿನ ನಿಜವಾದ ಮಧ್ಯಾಹ್ನ ನವೆಂಬರ್ ಮೊದಲ ವಾರದಲ್ಲಿ 12:03ಕ್ಕೇ ಆಗುತ್ತದೆ, ಫೆಬ್ರವರಿ ಮಧ್ಯದಲ್ಲಿ 12:34ರವರೆಗೆ ಜಾರುತ್ತದೆ. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಅದರ ವೇಗ ಒಂದೇ ಸಮ ಇಲ್ಲ, ಅಕ್ಷ ಬೇರೆ ವಾಲಿದೆ. ಇವೆಲ್ಲ ಸೇರಿ ಸೂರ್ಯ ಗಡಿಯಾರಕ್ಕಿಂತ ಕೆಲವೊಮ್ಮೆ ಮುಂದೆ, ಕೆಲವೊಮ್ಮೆ ಹಿಂದೆ. ಏಪ್ರಿಲ್ 24ರಂದು ಆ 20 ನಿಮಿಷ 18 ಆಗುವುದೂ ಇದರಿಂದಲೇ. ಸಂಕ್ರಾಂತಿ ಕಳೆದರೂ ಬೆಳಗ್ಗೆ ಯಾಕೆ ಇನ್ನೂ ತಡವಾಗಿ ಬೆಳಕಾಗುತ್ತದೆ ಅಂತ ವಾಕಿಂಗ್ ಹೋಗುವವರು ಕೇಳುತ್ತಾರಲ್ಲ, ಉತ್ತರ ಇದು.

ಬೆಂಗಳೂರು, ಬೀದರ್ ಮತ್ತು ಭೂಮಿಯ ಸುತ್ತಳತೆ

ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಾಟೋಸ್ತನೀಸ್ ಈಜಿಪ್ಟಿನ ಎರಡು ಊರುಗಳ ನೆರಳಿನಿಂದ ಭೂಮಿಯನ್ನು ಅಳೆದ. ಸೈಯೀನ್‌ನಲ್ಲಿ ನೆರಳಿಲ್ಲದ ಹೊತ್ತಿನಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ನೆರಳಿನ ಕೋನ 7.2 ಡಿಗ್ರಿ. ಅದು ಪೂರ್ತಿ ವೃತ್ತದ ಐವತ್ತನೇ ಒಂದು ಭಾಗ. ಎರಡು ಊರುಗಳ ದೂರವನ್ನು ಐವತ್ತರಿಂದ ಗುಣಿಸಿದರೆ ಭೂಮಿಯ ಸುತ್ತಳತೆ.

ನಮ್ಮಲ್ಲಿ ಇದಕ್ಕೆ ಇನ್ನೂ ಒಳ್ಳೆಯ ಜೋಡಿ ಇದೆ. ನಕ್ಷೆಯಲ್ಲಿ ಬೆಂಗಳೂರಿನಿಂದ ನೇರ ಉತ್ತರಕ್ಕೆ ಗೆರೆ ಎಳೆಯಿರಿ, ಅದು ಬೀದರಿನ ಪಕ್ಕದಲ್ಲೇ ಹೋಗುತ್ತದೆ. ಎರಡರ ರೇಖಾಂಶ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಎರಡು ಕಡೆಯೂ ಮಧ್ಯಾಹ್ನ ಒಂದೇ ಹೊತ್ತಿಗೆ. ಬೆಂಗಳೂರಿನಲ್ಲಿ ನೆರಳು ಇಲ್ಲದ ದಿನ ಬೀದರಿನಲ್ಲಿ ಒಂದು ಮೀಟರ್ ಕೋಲಿಗೆ ಎಂಟೂವರೆ ಸೆಂಟಿಮೀಟರಿನಷ್ಟು ನೆರಳು ಬೀಳುತ್ತದೆ. ಕೋನ ಸುಮಾರು 4.9 ಡಿಗ್ರಿ. ನೇರ ದೂರ ಸುಮಾರು 547 ಕಿಲೋಮೀಟರ್. 360ನ್ನು 4.9ರಿಂದ ಭಾಗಿಸಿ 547ರಿಂದ ಗುಣಿಸಿದರೆ 40,000 ಕಿಲೋಮೀಟರಿನ ಆಸುಪಾಸಿಗೆ ಬರುತ್ತದೆ. ಭೂಮಿಯ ಸುತ್ತಳತೆ ಅಷ್ಟೇ! ಎರಡು ಶಾಲೆಗಳು ಫೋನಿನಲ್ಲಿ ಮಾತಾಡಿಕೊಂಡರೆ ಸಾಕು, ಒಂದು ಮಧ್ಯಾಹ್ನದಲ್ಲಿ ಮುಗಿಯುವ ಪ್ರಯೋಗ ಇದು.

ಇದೇ ಪ್ರಶ್ನೆಯನ್ನು ಹಿಡಿದು ವಿಲಿಯಂ ಲ್ಯಾಂಬ್ಟನ್ ಇಲ್ಲೇ ಓಡಾಡಿದ್ದ. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧಕ್ಕೆ ಬಂದ ಸೇನಾಧಿಕಾರಿ ಅವನು. ಮರುವರ್ಷವೇ ಬೆಂಗಳೂರಿನ ಬಳಿ ಅಳತೆಯ ಆಧಾರ ರೇಖೆ ಹಾಕಿದ. 1802ರಲ್ಲಿ ಮದ್ರಾಸಿನಿಂದ ದೊಡ್ಡ ತ್ರಿಕೋನ ಸರ್ವೆ ಶುರುವಾಯಿತು. ಒಂದು ಗೆರೆಯ ಉದ್ದವನ್ನು ಸರಪಳಿಯಿಂದ ಬಹಳ ಎಚ್ಚರದಿಂದ ಅಳೆಯುವುದು. ಆಮೇಲೆ ಬೆಟ್ಟದಿಂದ ಬೆಟ್ಟಕ್ಕೆ ಕೋನ ಮಾತ್ರ ನೋಡಿ, ತ್ರಿಕೋನದ ಮೇಲೆ ತ್ರಿಕೋನ ಕಟ್ಟಿ ಉಳಿದ ದೂರಗಳನ್ನು ಲೆಕ್ಕ ಹಾಕುವುದು. ಊರಿನ ಅಕ್ಷಾಂಶವನ್ನು ನಕ್ಷತ್ರಗಳ ಎತ್ತರದಿಂದ ಹಿಡಿಯುವುದು. ದಕ್ಷಿಣದ ತುದಿಯಿಂದ ಹಿಮಾಲಯದ ಬುಡದವರೆಗೆ, 78 ಡಿಗ್ರಿ ರೇಖಾಂಶದ ಆಸುಪಾಸಿನಲ್ಲಿ ಆ ಸಾಲು ಬೆಳೆಯಿತು. ಒಂದು ಡಿಗ್ರಿಯ ಉದ್ದ ಎಲ್ಲ ಕಡೆ ಒಂದೇ ಇಲ್ಲ ಅನ್ನೋದನ್ನು ಇಂಥ ಅಳತೆಗಳೇ ಗಟ್ಟಿಮಾಡಿದವು. ಸಮಭಾಜಕದ ಬಳಿ 110.6 ಕಿಲೋಮೀಟರ್, ಧ್ರುವದ ಬಳಿ 111.7. ತಿರುಗುವ ಭೂಮಿ ನಡುವಿನಲ್ಲಿ ಉಬ್ಬಿ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾಗಿದೆ.

ದುಂಡಗಿನದನ್ನು ಕಾಗದಕ್ಕೆ ಇಳಿಸುವಾಗ

ಅಳೆದದ್ದನ್ನು ಕಾಗದಕ್ಕೆ ಇಳಿಸಲು ಕುಗ್ಗಿಸಬೇಕು. ಬೆಂಗಳೂರು ಬೀದರ್ ನಡುವಿನ 547 ಕಿಲೋಮೀಟರನ್ನು ಐದೂವರೆ ಸೆಂಟಿಮೀಟರಿನಲ್ಲಿ ತೋರಿಸಿದರೆ ಪ್ರಮಾಣ ಸುಮಾರು ಒಂದಕ್ಕೆ ಒಂದು ಕೋಟಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಟೋಪೋ ಶೀಟುಗಳಲ್ಲಿ ಅದು 1:50,000, ಅಂದರೆ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಅದರಲ್ಲಿ ಕೆರೆ, ಕಾಲುದಾರಿ ಎಲ್ಲ ಸಿಗುತ್ತದೆ. ಒಂದು ವಿಷಯ ನೆನಪಿಡಿ. ನಕ್ಷೆಯನ್ನು ಜೆರಾಕ್ಸಿನಲ್ಲಿ ದೊಡ್ಡದು ಮಾಡಿಸಿದರೆ ಅಲ್ಲಿ ಬರೆದ ಅಂಕಿಯ ಪ್ರಮಾಣ ಸುಳ್ಳಾಗುತ್ತದೆ. ಪಟ್ಟಿಯ ಹಾಗೆ ಎಳೆದ ಮಾಪಕ ಮಾತ್ರ ಜೊತೆಗೇ ಹಿಗ್ಗುವುದರಿಂದ ಸರಿಯಾಗೇ ಉಳಿಯುತ್ತದೆ.

ಕುಗ್ಗಿಸುವುದು ಸುಲಭ, ಚಪ್ಪಟೆ ಮಾಡುವುದು ಕಷ್ಟ. ಭೂಮಿಯ ಮೇಲೆ ರೇಖಾಂಶಗಳು ಧ್ರುವದ ಕಡೆಗೆ ಹೋದಂತೆ ಹತ್ತಿರವಾಗುತ್ತವೆ. ಒಂದು ಡಿಗ್ರಿ ರೇಖಾಂಶದ ಅಗಲ ಬೆಂಗಳೂರಿನಲ್ಲಿ 108 ಕಿಲೋಮೀಟರ್, ದೆಹಲಿಯಲ್ಲಿ 98, ಅರವತ್ತು ಡಿಗ್ರಿ ಉತ್ತರದಲ್ಲಿ 56ಕ್ಕೂ ಸ್ವಲ್ಪ ಕಮ್ಮಿ. 1569ರಲ್ಲಿ ಮರ್ಕೇಟರ್ ಮಾಡಿದ ನಕ್ಷೆಯಲ್ಲಿ ಅವೆಲ್ಲ ಒಂದೇ ಅಂತರದಲ್ಲಿ ನೆಟ್ಟಗೆ ನಿಲ್ಲುತ್ತವೆ. ಹಡಗಿನವರಿಗೆ ಅದು ವರ. ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಹೋಗುವ ದಾರಿ ಅದರಲ್ಲಿ ನೇರ ಗೆರೆಯಾಗುತ್ತದೆ. ಅದಕ್ಕೆ ತೆತ್ತ ಬೆಲೆ ವಿಸ್ತೀರ್ಣ. ಅರವತ್ತು ಡಿಗ್ರಿಯಲ್ಲಿರುವ ಜಾಗ ಅಗಲದಲ್ಲಿ ಎರಡು ಪಟ್ಟು, ವಿಸ್ತೀರ್ಣದಲ್ಲಿ ನಾಲ್ಕು ಪಟ್ಟು ಉಬ್ಬುತ್ತದೆ.

ಹಾಗಾಗಿ ಆ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಭಾರತದ ಹಲವು ಪಟ್ಟು ದೊಡ್ಡದಾಗಿ, ಹೆಚ್ಚುಕಮ್ಮಿ ಆಫ್ರಿಕಾದಷ್ಟೇ ಕಾಣುತ್ತದೆ. ನಿಜದಲ್ಲಿ ಅದು ಸುಮಾರು 21.7 ಲಕ್ಷ ಚದರ ಕಿಲೋಮೀಟರ್, ಭಾರತ ಸುಮಾರು 32.9 ಲಕ್ಷ. ಆಫ್ರಿಕಾ ಗ್ರೀನ್‌ಲ್ಯಾಂಡಿಗಿಂತ ಹದಿನಾಲ್ಕು ಪಟ್ಟು ದೊಡ್ಡದು. ಸಮಭಾಜಕದ ಬಳಿಯ ದೇಶಗಳೆಲ್ಲ ಈ ನಕ್ಷೆಯಲ್ಲಿ ಬಡವಾಗುತ್ತವೆ, ಮಕ್ಕಳ ತಲೆಯಲ್ಲಿ ಅದೇ ಚಿತ್ರ ಕೂರುತ್ತದೆ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ವಿಸ್ತೀರ್ಣ ಸರಿ ಇಟ್ಟುಕೊಂಡ ನಕ್ಷೆಗಳೂ ಇವೆ. ಅವುಗಳಲ್ಲಿ ಆಕಾರ ಎಳೆದಂತಾಗುತ್ತದೆ. ಆಕಾರ, ವಿಸ್ತೀರ್ಣ ಎರಡನ್ನೂ ಎಲ್ಲ ಕಡೆ ಸರಿಯಾಗಿ ತೋರಿಸುವ ಚಪ್ಪಟೆ ನಕ್ಷೆ ಸಾಧ್ಯವೇ ಇಲ್ಲ, ಅದು ಗಣಿತದಿಂದಲೇ ಸಾಬೀತಾಗಿದೆ.

ಫೋನಿನ ನಕ್ಷೆಗಳು ಬಹುಪಾಲು ಇದೇ ಮರ್ಕೇಟರ್ ವಿಧಾನವನ್ನೇ ಬಳಸುತ್ತವೆ. ಊರೊಳಗೆ ದಾರಿ ಹುಡುಕಲು ಅದು ಚೆನ್ನಾಗಿದೆ, ಬೀದಿಯ ಮೂಲೆಗಳು ಇದ್ದ ಹಾಗೇ ಕಾಣುತ್ತವೆ. ಬೀದರಿನಿಂದ ಚಾಮರಾಜನಗರದವರೆಗಿನ ಇಡೀ ಕರ್ನಾಟಕದಲ್ಲಿ ಉಬ್ಬುವಿಕೆ ಕಣ್ಣಿಗೆ ಕಾಣದಷ್ಟು ಕಡಿಮೆ. ದೇಶ ದೇಶಗಳನ್ನು ಹೋಲಿಸಬೇಕೆಂದರೆ ಮಾತ್ರ ಗೋಳದ ರೂಪದಲ್ಲಿ ತೋರಿಸುವ ಆಯ್ಕೆಯನ್ನು ಒತ್ತಿ, ಅಥವಾ ಶಾಲೆಯ ಬೀರುವಿನಲ್ಲಿರುವ ಗ್ಲೋಬನ್ನು ಹೊರಗೆ ತೆಗೆಯಿರಿ. ಒಂದು ತೆಳು ಕಾಗದವನ್ನು ಭಾರತದ ಮೇಲಿಟ್ಟು ಗೆರೆ ಎಳೆದುಕೊಂಡು, ಅದನ್ನು ಗ್ರೀನ್‌ಲ್ಯಾಂಡಿನ ಮೇಲೆ ಇಡಲು ಮಕ್ಕಳಿಗೇ ಹೇಳಿ.